ಅಣ್ಣ ಅನ್ನಿಸಿಕೊಳ್ಳದವರು

ನಮ್ಮೂರಿನ ಮನೆಗಳು ಕಟ್ಟಿದ ಕಡೆ ನಿಲ್ಲುವುದಿಲ್ಲ. ಹೊರಗಿನವರಿಗೆ ಹೇಳಿದರೆ ನಗುತ್ತಾರೆ ಅಂತ ನಾವು ಹೇಳುವುದನ್ನೇ ಬಿಟ್ಟಿದ್ದೇವೆ. ಊರಿರುವುದು ಇಳಿಜಾರಿನಲ್ಲಿ, ಇಳಿಜಾರು ಮುಗಿಯುವ ಕಡೆ ಕಮರಿ. ಮನೆಗಳೆಲ್ಲ ಆ ಕಮರಿಯ ಕಡೆಗೆ ಮೆಲ್ಲಗೆ ಜರುಗುತ್ತಿರುತ್ತವೆ. ಕೆಲವು ದಿನಕ್ಕೆ ಒಂದು ಬೆರಳು, ಕೆಲವು ಒಂದು ಗೇಣು. ಗಾಳಿಕಾಲದಲ್ಲಿ ಆಳುದ್ದ ಹೋಗುವುದೂ ಉಂಟು. ನಿನ್ನೆ ಬಾಗಿಲ ಮುಂದೆ ಬಿಟ್ಟ ರಂಗೋಲಿ ಬೆಳಿಗ್ಗೆ ಹೊಸ್ತಿಲ ಅಡಿ ಸೇರಿರುತ್ತದೆ. ಬಾವಿಗಳು ಮಾತ್ರ ಇದ್ದಲ್ಲೇ ಇರುವುದರಿಂದ ನೀರು ಹೊರುವ ದಾರಿ ದಿನೇ ದಿನೇ ಉದ್ದವಾಗುತ್ತದೆ. ನೆರೆಯವರ ಜೊತೆ ಜಗಳವಾದರೆ ಯಾರೂ ಪಂಚಾಯ್ತಿ ಸೇರಿಸುವುದಿಲ್ಲ, ಸ್ವಲ್ಪ ದಿನ ಸುಮ್ಮನಿದ್ದರೆ ಮನೆಗಳೇ ದೂರ ದೂರ ಆಗುತ್ತವೆ. ಹೆಣ್ಣು ಕೊಡುವವರು ಹುಡುಗನ ಗುಣ ವಿಚಾರಿಸುವ ಮೊದಲು, "ಮನೆ ಎಷ್ಟು ಜರುಗುತ್ತೆ?" ಅಂತ ಕೇಳುತ್ತಾರೆ.

ಹಾಗೆ ಜರುಗಿದ ಮನೆಗಳ ಅಡಿಗೆ ದಿಮ್ಮಿ ಕೊಟ್ಟು, ಸುತ್ತ ಹಗ್ಗ ಬಿಗಿದು, ಮೇಲಕ್ಕೆ ಎಳೆದು ತಂದು ಅವುಗಳ ಜಾಗದ ಕಲ್ಲುಗೂಟಕ್ಕೆ ಮತ್ತೆ ಕಟ್ಟುವವರು ಹಗ್ಗದವರು. ಊರಿನಲ್ಲಿ ಅದಕ್ಕಿಂತ ಮರ್ಯಾದೆಯ ಕೆಲಸ ಇಲ್ಲ, ಅದಕ್ಕಿಂತ ಅಪಾಯದ ಕೆಲಸವೂ ಇಲ್ಲ. ಹಗ್ಗದ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಮನೆಗೆ ಹತ್ತಿರ ನಿಂತು ಕೂಗು ಹಾಕುವವರಿಗೆ ಮುಂಗೈ ಅಂತ ಹೆಸರು. ಮುಂಗೈ ಕೂಗಿದಾಗ ಎಳೆಯಬೇಕು, ಕೂಗು ನಿಂತಾಗ ಬಿಗಿಹಿಡಿಯಬೇಕು. ಮನೆ ಜಾರುವ ಮುಂಚೆ ತೊಲೆ ಒಂದು ಸಲ ಕಿರುಗುಟ್ಟುತ್ತದೆ. ಆ ಸದ್ದು ಮುಂಗೈಯ ಕಿವಿಗೆ ಬೀಳಬೇಕು. ಬೀಳದೇ ಹೋದರೆ ಹಗ್ಗ ಕೈ ತಪ್ಪಿ ಕಾಲಿಗೆ ಬಾರಿಸುತ್ತದೆ. ನಮ್ಮೂರಲ್ಲಿ ಕುಂಟುವ ಗಂಡಸರೆಲ್ಲ ಹಗ್ಗದ ಏಟು ತಿಂದವರೇ.

ನಾನು ಹೊಂಬಾಳಮ್ಮ, ದರ್ಜಿ ರಾಚಯ್ಯನ ಹೆಂಡತಿ. ಮೈಕಟ್ಟು ನಮ್ಮಪ್ಪನದು. ಎತ್ತರ, ಅಗಲವಾದ ಹೆಗಲು, ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕು. ಮದುವೆಯಲ್ಲಿ ಸಣಕಲು ರಾಚಯ್ಯನ ಪಕ್ಕ ನಿಂತಾಗ ಯಾರೋ, "ಯಾರನ್ನ ಯಾರಿಗೆ ಧಾರೆ ಎರೀತಿದೀರಪ್ಪ?" ಅಂತ ನಗಿಸಿದ್ದರು. ಇಂಥ ಮೈಗೆ ಸಿಂಗಾರದ ಹುಚ್ಚು. ಎರಡು ಕೈ ತುಂಬ ಹಸಿರು ಗಾಜಿನ ಬಳೆ, ತುರುಬಿನ ತುಂಬ ಕನಕಾಂಬರ ಇಲ್ಲದೆ ನಾನು ಹೊಸ್ತಿಲು ದಾಟಿದವಳಲ್ಲ. ಬೀದಿಯಲ್ಲಿ ಹೋದರೆ ಹೊಂಬಾಳಮ್ಮ ಬರ್ತಿದಾಳೆ ಅಂತ ಮೊದಲು ಸದ್ದು ಹೇಳಬೇಕು. "ಎಮ್ಮೆಗೆ ಸಿಂಗಾರ ನೋಡು" ಅಂದವರಿಗೆ ನಾನು ಬಾಯಲ್ಲಿ ಉತ್ತರ ಕೊಡುತ್ತಿರಲಿಲ್ಲ. ಮಾರನೆಯ ದಿನ ಇನ್ನೊಂದು ಮೊಳ ಜಾಸ್ತಿ ಮುಡಿದು ಅವರ ಮನೆಯ ಮುಂದೆಯೇ ಹಾಯ್ದು ಹೋಗುತ್ತಿದ್ದೆ.

ಒಂದು ಗಾಳಿಕಾಲದಲ್ಲಿ ನಮ್ಮ ಮನೆ ಜರುಗಿ ಹಿತ್ತಿಲ ಒರಳುಕಲ್ಲು ಮೇಲೆಯೇ ಉಳಿದುಹೋಯಿತು. ದೋಸೆಗೆ ಅಕ್ಕಿ ನೆನೆದಿತ್ತು. ಯಾರನ್ನು ಕರೆಯುವುದು ಅಂತ ನಾನೇ ಆ ಕಲ್ಲನ್ನು ತಬ್ಬಿ ಎತ್ತಿ, ಹೊಟ್ಟೆಗೆ ಒತ್ತಿಕೊಂಡು ಇಳಿದು ಬರುತ್ತಿದ್ದೆ. ಜಗಲಿಯ ಮೇಲೆ ಬೀಡಿ ಸೇದುತ್ತಾ ಕೂತಿದ್ದ ತಾಯಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏ, ನಾಳೆಯಿಂದ ಹಗ್ಗಕ್ಕೆ ಬಾ" ಅಂದಳು. ಕೇಳಿದ್ದಲ್ಲ, ಹೇಳಿದ್ದು.

ತಾಯಣ್ಣನ ಹೆಸರು ಹೇಳಿದ ಮೇಲೆ ಅವಳ ವಿಷಯ ಹೇಳಲೇಬೇಕು. ಅವಳು ಹೆಂಗಸು. ಹುಟ್ಟಿದಾಗ ಇಟ್ಟ ಹೆಸರು ದೊಡ್ಡತಾಯಮ್ಮ. ಹಗ್ಗ ಹಿಡಿದ ಮೊದಲ ಹೆಂಗಸು ಅವಳೇ, ನಾನು ಚಿಕ್ಕವಳಾಗಿದ್ದಾಗಿನಿಂದ ಅವಳೇ ಮುಂಗೈ. ಕೂದಲು ಕಿವಿಯ ಮೇಲಕ್ಕೆ ಕತ್ತರಿಸಿ, ಮೊಣಕಾಲುದ್ದದ ಚಡ್ಡಿ, ಗಂಡಸರ ಅಂಗಿ ಹಾಕುತ್ತಿದ್ದಳು. ಮೂಗಿನಲ್ಲಿ ಬೊಟ್ಟಿಲ್ಲ, ಕಿವಿಯಲ್ಲಿ ಓಲೆಯಿಲ್ಲ. ಮುಂಗೈ ಆದ ದಿನ ಊರಿನವರು ಅವಳ ತಲೆಗೆ ಕೆಂಪು ರುಮಾಲು ಕಟ್ಟಿ, ಇವತ್ತಿನಿಂದ ನೀನು ಹೆಂಗಸಲ್ಲ, ತಾಯಣ್ಣ ಅಂದರಂತೆ. ಅಂದಿನಿಂದ ಊರೆಲ್ಲ "ತಾಯಣ್ಣ ಬಂದ", "ತಾಯಣ್ಣ ಹೇಳಿದ" ಅಂತಲೇ ಮಾತಾಡುತ್ತಿತ್ತು. ಮಕ್ಕಳೂ ಹಾಗೇ ಕಲಿತವು. ನಾನೂ ಹಾಗೇ ಕಲಿತೆ.

ಮಾರನೆಯ ದಿನ ನಾನು ಹಗ್ಗದ ಕೊಟ್ಟಿಗೆಗೆ ಹೋದಾಗ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೋರಲಿಂಗ ಅನ್ನುವವನು, ಒಳ್ಳೆಯ ಆಳು, ತೋಳು ಅಂದರೆ ತೊಲೆ, ಅವನು ಗಲ್ಲ ಕೆರೆದುಕೊಳ್ಳುತ್ತಾ, "ಇಲ್ಲಿ ಮದುವೆ ಇಲ್ಲವಲ್ಲಮ್ಮ, ಮನೆ ಎಳೆಯೋದಿದೆ" ಅಂದ.

"ಗೊತ್ತು ಕಣಪ್ಪ. ಊಟಕ್ಕೆ ಬಂದಿಲ್ಲ ನಾನು" ಅಂದೆ.

ಎಲ್ಲರೂ ನಕ್ಕರು. ತಾಯಣ್ಣ ನಗಲಿಲ್ಲ. ನನ್ನ ಹತ್ತಿರ ಬಂದು, "ಬಳೆ ಬಿಚ್ಚಿಡು. ಹೂವು ತೆಗಿ" ಅಂದಳು.

"ಹಗ್ಗಕ್ಕೂ ಹೂವಿಗೂ ಏನು ಸಂಬಂಧ?"

"ಇವರು ಒಂದ್ಸಲ ನಿನ್ನಲ್ಲಿ ಹೆಂಗಸನ್ನ ನೋಡಿದ್ರೆ ಆಮೇಲೆ ಅದನ್ನೇ ನೋಡ್ತಾರೆ. ಕೆಲಸ ನೋಡಲ್ಲ."

"ನೋಡ್ಲಿ ಬಿಡು. ಇರೋದನ್ನ ತಾನೆ ನೋಡ್ತಾರೆ" ಅಂದೆ.

ಅವತ್ತು ನನಗೆ ಬುದ್ಧಿ ಕಲಿಸಿದ್ದು ಹಗ್ಗ. ಮೂರನೆಯ ಎಳೆತಕ್ಕೇ ಬಳೆಗಳು ಹಗ್ಗಕ್ಕೂ ಮಣಿಕಟ್ಟಿಗೂ ನಡುವೆ ಸಿಕ್ಕಿ ಪುಡಿಯಾದವು. ಗಾಜು ಒಳಗೆ ಹೋಯಿತು. ರಕ್ತ ಮೊಣಕೈ ತನಕ ಇಳಿದರೂ ಕೂಗು ನಿಲ್ಲುವವರೆಗೆ ನಾನು ಕೈ ಬಿಡಲಿಲ್ಲ. ಬಿಡುವ ಹಾಗೂ ಇರಲಿಲ್ಲ, ಹಿಂದಿನವರ ಕಾಲು ನನ್ನ ಕೈಯಲ್ಲಿತ್ತು. ಮನೆ ಗೂಟಕ್ಕೆ ಬಿದ್ದ ಮೇಲೆ ತಾಯಣ್ಣ ಬಂದು ನನ್ನ ಕೈ ಹಿಡಿದು, ಒಂದೊಂದೇ ಗಾಜಿನ ಚೂರು ಕಿತ್ತು ತೆಗೆದು, ಬೀಡಿಯ ಬೂದಿ ಒತ್ತಿದಳು. "ಕಂಡ್ಯಾ?" ಅಂದಳು ಅಷ್ಟೆ. ಬೋರಲಿಂಗ ದೂರದಿಂದ, "ನಾನು ಹೇಳ್ಲಿಲ್ವಾ" ಅಂದ.

ಮನೆಗೆ ಬಂದು ಕೈ ತೋರಿಸಿದಾಗ ರಾಚಯ್ಯ ಹೊಲಿಗೆ ಮಷಿನ್ ತುಳಿಯುವುದನ್ನು ನಿಲ್ಲಿಸಿದ.

"ನೀನಾಗಿ ಬಳೆ ತೆಗೆದರೆ ನನಗೇನೂ ಇಲ್ಲ ಕಣೆ ಹೊಂಬಾಳಿ. ಅವರು ತೆಗೆಸಿ ಕಳಿಸಿದ್ರೆ ಮಾತ್ರ ಬೇಜಾರು" ಅಂದ. ಆಮೇಲೆ ಯಾರದೋ ಹಳೆಯ ಕಂಬಳಿ ಕೋಟಿನ ತೋಳು ಕತ್ತರಿಸಿ, ಒಳಗೆ ಹತ್ತಿ ತುಂಬಿ, ಮಣಿಕಟ್ಟಿನಿಂದ ಮೊಣಕೈವರೆಗೆ ಬಿಗಿಯಾಗಿ ಗುಂಡಿ ಹಾಕುವ ಹಾಗೆ ಒಂದು ಜೊತೆ ತೋಳುಗವಸು ಹೊಲಿದ. ಹೊಸ ಬಳೆ ತೊಟ್ಟು, ಅದನ್ನು ಮೊಣಕೈ ಕಡೆಗೆ ಏರಿಸಿ, ಮೇಲೆ ಈ ತೋಳು ಹಾಕಿ ಗುಂಡಿ ಬಿಗಿದರೆ ಒಂದೂ ಅಲ್ಲಾಡುವುದಿಲ್ಲ. ಗಾಯ ಮಾಯುವ ಮೊದಲೇ ನಾನು ಅದನ್ನು ಹಾಕಿಕೊಂಡು ಕೊಟ್ಟಿಗೆಗೆ ಹೋದೆ. ಕೆಲಸ ಮುಗಿದ ಮೇಲೆ ಎಲ್ಲರ ಎದುರಿಗೇ ಗುಂಡಿ ಬಿಚ್ಚಿ, ಬಳೆಗಳನ್ನು ಘಲ್ಲೆಂದು ಕೆಳಕ್ಕೆ ಇಳಿಸಿಕೊಂಡೆ. ಗಂಡಸರು ಮುಸಿಮುಸಿ ನಕ್ಕರು. ತಾಯಣ್ಣ ಎದ್ದು ಹೊರಟುಹೋದಳು. ಆವತ್ತಿನಿಂದ ಹಗ್ಗದ ಮಾತು ಬಿಟ್ಟರೆ ಬೇರೆ ಮಾತನ್ನು ಅವಳು ನನ್ನ ಜೊತೆ ಆಡಲಿಲ್ಲ.

ಕೆಲಸ ಮಾತ್ರ ಕಲಿಸಿದಳು. ಒಂದು ದಿನವೂ ಬಚ್ಚಿಡಲಿಲ್ಲ. ಹಿಮ್ಮಡಿ ಎಲ್ಲಿ ಊರಬೇಕು, ಉಸಿರು ಯಾವಾಗ ಬಿಡಬೇಕು, ತೊಲೆಯ ಕಿರುಗುಟ್ಟು ಗೋಡೆಯ ಬಿರುಕಿಗಿಂತ ಹೇಗೆ ಬೇರೆ, ಎಲ್ಲ. ವರ್ಷಗಳು ಕಳೆದವು. ನನ್ನ ಅಂಗೈ ದಪ್ಪವಾಯಿತು, ಬೆರಳಿನ ಗಂಟುಗಳು ಊದಿಕೊಂಡವು. ಬಳೆಗಾರ ಹಯಾತ್ ಸಾಬರು ವರ್ಷವರ್ಷವೂ ತೊಡಿಸುತ್ತಿದ್ದ ಅಳತೆಯ ಬಳೆ ಒಂದು ಸಲ ಹತ್ತಲೇ ಇಲ್ಲ. ಅವರು ನನ್ನ ಕೈಯನ್ನು ಹಿಸುಕಿ, ಸೋಪು ಹಚ್ಚಿ, ಬೆವತರು. ಜಗಲಿಯಲ್ಲಿ ಕೂತಿದ್ದ ಹೆಂಗಸರಲ್ಲಿ ಒಬ್ಬಳು, "ಆ ಕೈಗೆ ಎತ್ತಿನ ಕೊಂಬಿನ ಹಿತ್ತಾಳೆ ಅಣಸು ಹಾಕಿ ಸಾಬ್ರೇ" ಅಂದಳು. ಗಂಡಸರಿಗೆ ನಾನು ವಿಪರೀತ ಹೆಂಗಸು, ಹೆಂಗಸರಿಗೆ ನಾನು ಅರ್ಧ ಗಂಡಸು. ಅಳು ಬಂತು ನಿಜ. ಆದರೆ ಅವರೆದುರು ಅಳಲಿಲ್ಲ.

"ಸಾಬ್ರೇ, ಇದಕ್ಕಿಂತ ದೊಡ್ಡ ಅಳತೆ ಮಾಡ್ಸಿ. ಕೈ ಚಿಕ್ಕದು ಮಾಡೋಕೆ ಆಗಲ್ಲ, ಬಳೆ ದೊಡ್ಡದು ಮಾಡೋಕಾಗುತ್ತೆ" ಅಂದೆ.

"ಮಾಡಿಸ್ತೀನಿ ತಾಯಿ" ಅಂದರು ಅವರು. ಮುಂದಿನ ಸಲ ತಂದರು ಕೂಡ.

ಹೀಗಿರುವಾಗ ಒಂದು ದಿನ, ಕುಂಬಾರರ ಬೀದಿಯ ಮನೆ ಎಳೆಯುವಾಗ ತಾಯಣ್ಣನ ಹೆಗಲು ಜಾರಿತು. ಮನೆ ಗೂಟಕ್ಕೆ ಬೀಳುವವರೆಗೂ ಒಂದೇ ಕೈಯಲ್ಲಿ ಹಿಡಿದು ನಿಂತಿದ್ದಳು. ಹಗ್ಗ ಬಿಟ್ಟ ಮೇಲೆ ಆ ತೋಳು ನೇತಾಡುತ್ತಿತ್ತು. ಮೂಳೆ ಕೂರಿಸುವವನು ಬಂದು ನೋಡಿ, ತೋಳು ಕೂತರೂ ಇನ್ನು ಹಗ್ಗ ಹಿಡಿಯುವ ಹಾಗಿಲ್ಲ ಅಂದ. ತಾಯಣ್ಣ, "ಸರಿ" ಅಂದು, ಎಡಗೈಯಲ್ಲಿ ಬೀಡಿ ಹಚ್ಚಿದಳು.

ಹೊಸ ಮುಂಗೈ ಆರಿಸಲು ಊರ ಯಜಮಾನ ತೋಪೇಗೌಡರು ಕೊಟ್ಟಿಗೆಗೆ ಬಂದರು. ಹಗ್ಗದ ಗಂಡಸರನ್ನು ಕೇಳಿದಾಗ ನಾನು ಅಂದುಕೊಳ್ಳದ ಮಾತು ಬಂತು. ಬೋರಲಿಂಗನೇ ಎದ್ದು, "ತೋಳಬಲಕ್ಕೆ ನಾನಿದೀನಿ. ಆದ್ರೆ ಮನೆ ಕಿರುಗುಟ್ಟೋದು ತಾಯಣ್ಣನ ಬಿಟ್ರೆ ಹೊಂಬಾಳಮ್ಮಂಗೇ ಮೊದಲು ಕೇಳೋದು. ಅದನ್ನ ಇಲ್ಲ ಅನ್ನೋಕಾಗಲ್ಲ" ಅಂದ. ಉಳಿದವರೂ ತಲೆ ಆಡಿಸಿದರು.

ತೋಪೇಗೌಡರು ಕೆಟ್ಟವರಲ್ಲ. ಪದ್ಧತಿ ಅಂದರೆ ಊರಿನ ಕಲ್ಲುಗೂಟ ಅಂತ ನಂಬಿದ್ದವರು. ಕೆಂಪು ರುಮಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, "ಆಗಲಿ. ತಾಯಣ್ಣನಿಗೆ ಮಾಡಿದ ಹಾಗೇ ಮಾಡೋಣ. ತುರುಬು ತೆಗಿ, ಬಳೆ ತೆಗಿ, ಸೀರೆ ಬಿಡು. ನಾಳೆಯಿಂದ ಹೊಂಬಾಳಣ್ಣ. ಊರೆಲ್ಲ ಎದ್ದು ನಿಂತು ಗೌರವ ಕೊಡುತ್ತೆ ಕಣಮ್ಮ" ಅಂದರು.

"ಈಗ ತಾನೆ ಕಣಮ್ಮ ಅಂದ್ರಲ್ಲ ಯಜಮಾನ್ರೆ. ಹಾಗೇ ಅನ್ನಿ. ಗೌರವಾನೂ ಆ ಹೆಸರಿಗೇ ಕೊಡಿ."

"ಮುಂಗೈ ಅಂದ್ರೆ ಗಂಡು. ಅಮ್ಮ ಅನ್ನಿಸಿಕೊಂಡು ಯಾರೂ ಮುಂಗೈ ಆಗಿಲ್ಲ."

"ನಾನು ಅಣ್ಣ ಅನ್ನಿಸಿಕೊಂಡು ಆಗಲ್ಲ."

ತೋಪೇಗೌಡರು ನನ್ನನ್ನೇ ನೋಡಿದರು. ನಾನೂ ನೋಡಿದೆ. ಕೊನೆಗೆ ಅವರು ಆ ರುಮಾಲನ್ನು ಬೋರಲಿಂಗನ ತಲೆಗೆ ಸುತ್ತಿದರು. ಅವನು ಅದನ್ನು ಕಟ್ಟಿಸಿಕೊಳ್ಳುವಾಗ ನೆಲ ನೋಡುತ್ತಿದ್ದ.

ಬೋರಲಿಂಗ ಮುಂಗೈ ಆದ ಮೇಲೆ ನಾನು ಅವನ ಹಿಂದೆ ನಿಂತು ಎಳೆದೆ. ಎಷ್ಟೋ ಮನೆ ಚೆನ್ನಾಗಿಯೇ ಬಂದವು. ಆಮೇಲೆ ಹಿಟ್ಟಿನ ಗಿರಣಿಯ ಸರದಿ ಬಂತು. ತೊಲೆ ಕಿರುಗುಟ್ಟಿತು. ನಾನು "ಹಿಡಿ!" ಅಂತ ಕಿರುಚಿದೆ. ಆದರೆ ಮುಂಗೈ ಕೂಗುತ್ತಿರುವಾಗ ಬೇರೆಯವರ ಮಾತು ಕೇಳಬಾರದು ಅನ್ನುವುದೇ ಹಗ್ಗದ ನಿಯಮ. ಬೋರಲಿಂಗ ಎಳೆತದ ಕೂಗು ಹಾಕಿದ್ದ, ಎಲ್ಲರೂ ಎಳೆದರು, ಗಿರಣಿ ಜಾರಿತು. ಹಗ್ಗ ಇಬ್ಬರ ಕಾಲು ಮುರಿಯಿತು. ಗಿರಣಿ ಉರುಳುತ್ತಾ ಹೋಗಿ ಕಮರಿಗೆ ಬಿತ್ತು. ಒಳಗೆ ಯಾರೂ ಇರಲಿಲ್ಲ, ಪುಣ್ಯ. ಬಿದ್ದ ಕಡೆಯಿಂದ ಬಿಳಿ ಹಿಟ್ಟು ಮೋಡದ ಹಾಗೆ ಎದ್ದಿತು. ನಾವೆಲ್ಲ ಅದನ್ನು ನೋಡುತ್ತಾ ನಿಂತೆವು.

ಊರಿನವರು ಬೋರಲಿಂಗನನ್ನು ಬೈಯಲಿಲ್ಲ, ನನ್ನನ್ನು ಬೈದರು. "ಒಂದು ಮೊಳ ಹೂವಿನ ಹಟಕ್ಕೆ ಗಿರಣಿ ಹೋಯ್ತು" ಅಂತ ಬಾವಿಯ ಹತ್ತಿರ ಮಾತು. "ತಾಯಣ್ಣ ಎಲ್ಲಾ ಬಿಡಲಿಲ್ವಾ? ಇವಳಿಗೇನು ದೊಡ್ಡಸ್ತಿಕೆ?" ಕಾಲು ಮುರಿದವರಲ್ಲಿ ಒಬ್ಬನ ಹೆಂಡತಿ ನನ್ನನ್ನು ಕಂಡು ಬಾಗಿಲು ಹಾಕಿಕೊಂಡಳು. ಅದು ಚುಚ್ಚಿತು. ಎರಡು ದಿನ ನಾನು ಅನ್ನ ಸರಿಯಾಗಿ ತಿನ್ನಲಿಲ್ಲ. ಕನ್ನಡಿಯ ಮುಂದೆ ಕತ್ತರಿ ಹಿಡಿದು ನಿಂತಿದ್ದೂ ಉಂಟು. ರಾಚಯ್ಯನ ದೊಡ್ಡ ಕತ್ತರಿ. ಅವನು ನೋಡಿಯೂ ನೋಡದ ಹಾಗೆ ಗುಂಡಿ ಹೊಲಿಯುತ್ತಿದ್ದ, ಸೂಜಿ ಮಾತ್ರ ಬಟ್ಟೆಗೆ ಹೋಗದೆ ಅವನ ಬೆರಳಿಗೆ ಹೋಗುತ್ತಿತ್ತು.

ಹಾಗೆ ಕತ್ತರಿ ಹಿಡಿದು ನಿಂತಿದ್ದ ಒಂದು ಮಧ್ಯಾಹ್ನ ತಾಯಣ್ಣ ನಮ್ಮ ಮನೆಗೆ ಬಂದಳು. ಅಷ್ಟು ವರ್ಷದಲ್ಲಿ ಮೊದಲ ಸಲ. ಬಲತೋಳು ಎದೆಗೆ ಕಟ್ಟಿಕೊಂಡು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬಂದು ಕೂತಳು. ನನ್ನ ಕೈಯಲ್ಲಿದ್ದ ಕತ್ತರಿ ನೋಡಿದಳು.

"ಕತ್ತರಿಸ್ತೀಯಾ?"

"ಗೊತ್ತಿಲ್ಲ ತಾಯಣ್ಣ. ನೀನು ಎಲ್ಲಾ ಬಿಟ್ಟೆ. ಹೂವು, ಬಳೆ, ಸೀರೆ, ಮದುವೆ, ಎಲ್ಲಾ. ಹಗ್ಗಕ್ಕೋಸ್ಕರ. ನನ್ನ ಕೈಲಿ ಆಗ್ಲಿಲ್ಲ. ನಾನೇ ಸಣ್ಣವಳೇನೋ."

ಅವಳು ನಗಲು ಶುರುಮಾಡಿದಳು. ತೋಳು ನೋಯುತ್ತಿದ್ದರೂ ನಿಲ್ಲಿಸಲಿಲ್ಲ. ರಾಚಯ್ಯ ಗಾಬರಿಯಾಗಿ ನೀರು ತಂದ.

"ನಾನು ಬಿಟ್ಟೆ ಅಂತ ಯಾರೇ ಹೇಳಿದ್ದು ನಿನಗೆ?" ಅಂದಳು. "ಹೂವು ಮುಡಿದ್ರೆ ನನಗೆ ತಲೆನೋವು. ಚಿಕ್ಕೋಳಿದ್ದಾಗ ಜಡೆ ಹೆಣೆಯೋಕೆ ಬಂದ್ರೆ ಅಟ್ಟ ಹತ್ತಿ ಕೂರ್ತಿದ್ದೆ. ಕುಡುಗೋಲು ತಗೊಂಡು ನಾನೇ ಕತ್ತರಿಸಿಕೊಂಡೆ, ನಮ್ಮವ್ವ ಪೊರಕೆ ಮುರಿಯೋ ತನಕ ಹೊಡೆದ್ಳು. ಚಡ್ಡಿ ನನಗೆ ಹಿತ. ಬೀಡಿ ನನಗೆ ಇಷ್ಟ. ಮದುವೆ ನನಗೆ ಬೇಡವಾಗಿತ್ತು. ಹಗ್ಗಕ್ಕೆ ನಾನು ಏನೂ ಕೊಡ್ಲಿಲ್ಲ ಕಣೆ. ನಾನು ಇರೋದೇ ಹೀಗೆ. ಹೀಗೇ ಹೆಂಗಸು ನಾನು."

ಅವಳು ರಾಚಯ್ಯ ತಂದ ನೀರು ಕುಡಿದು, ಬಾಯಿ ಒರೆಸಿಕೊಂಡಳು.

"ರುಮಾಲು ಕಟ್ಟಿದ ದಿನ ಅಣ್ಣ ಅಂದ್ರಲ್ಲ, ಆವಾಗ ಹಿಗ್ಗಿದೆ. ದೊಡ್ಡ ಬಹುಮಾನ ಅಂದುಕೊಂಡೆ. ಮನೆಗೆ ಬಂದು ಕನ್ನಡಿ ನೋಡಿದೆ. ಅದೇ ಮುಖ. ಅಲ್ಲಿ ಯಾವ ಅಣ್ಣನೂ ಇರ್ಲಿಲ್ಲ. ಅವ್ವ ಸಾಯೋವಾಗ ದೊಡ್ಡತಾಯಿ ಅಂತ ಕೂಗಿದ್ಳು. ಅದೇ ಕೊನೆ. ಆಮೇಲೆ ಯಾರೂ ಆ ಹೆಸರು ಕೂಗಿಲ್ಲ. ಹಗ್ಗ ಎಳೆದೆ ಅಂತ, ಅವರ ಮನೆ ಉಳಿಸಿದೆ ಅಂತ, ನನ್ನ ಹೆಸರೇ ಕಿತ್ತುಕೊಂಡ್ರು. ಕಿತ್ತುಕೊಂಡು ಅದನ್ನೇ ಗೌರವ ಅಂದ್ರು."

"ಮತ್ತೆ ನನ್ನ ಮೇಲೆ ಯಾಕೆ ಸಿಟ್ಟು ನಿನಗೆ? ಬಳೆ ಕಂಡ್ರೆ ಎದ್ದು ಹೋಗ್ತಿದ್ದೆಯಲ್ಲ?"

ತಾಯಣ್ಣ ಸ್ವಲ್ಪ ಹೊತ್ತು ನೆಲದ ಮೇಲಿದ್ದ ಬಟ್ಟೆಚೂರುಗಳನ್ನು ಕಾಲಿನಿಂದ ಅತ್ತಿತ್ತ ಸರಿಸಿದಳು.

"ಹೊಟ್ಟೆಕಿಚ್ಚು" ಅಂದಳು. "ಬಳೆ ಮೇಲಲ್ಲ. ಅದರ ಸದ್ದು ಕೇಳಿದ ಕೂಡಲೇ ಆ ಗಂಡಸರು ಹೊಂಬಾಳಮ್ಮ ಬಂದ್ಳು ಅನ್ನೋರು. ಬೈಯೋವಾಗ್ಲೂ ಬಂದ್ಳು ಅನ್ನೋರು. ನನಗ್ಯಾಕೆ ಒಬ್ಬರೂ ಬಂದ್ಳು ಅನ್ನಲ್ಲ ಅಂತ. ನಾನೂ ನಿನ್ನಷ್ಟೇ ಹೆಂಗಸಲ್ವೇನೇ?"

ನಾನು ಕತ್ತರಿ ಕೆಳಗಿಟ್ಟೆ. ಇಷ್ಟು ವರ್ಷ ಅವಳ ಪಕ್ಕ ನಿಂತು, ಅವಳ ಬೆವರಿನ ವಾಸನೆ ಗೊತ್ತಿದ್ದು, ಅವಳನ್ನು ತಾಯಣ್ಣ ಅಂದವರಲ್ಲಿ ನಾನೂ ಒಬ್ಬಳು. ಎದ್ದು ಹೋಗಿ ಅವಳ ಎದುರು ಕೂತೆ.

"ದೊಡ್ಡತಾಯಕ್ಕ, ಊಟ ಮಾಡ್ತೀಯಾ?" ಅಂತ ಕೇಳಿದೆ.

ಅವಳು ಮುಖ ಆಚೆ ತಿರುಗಿಸಿದಳು. ತಿರುಗಿಸಿಕೊಂಡೇ, "ಮುದ್ದೆ ಇದ್ರೆ ಹಾಕು" ಅಂದಳು. ಉಂಡು ಕೈ ತೊಳೆದು ಹೋಗುವಾಗ ಬಾಗಿಲಲ್ಲಿ ನಿಂತು, "ಕತ್ತರಿಸಬೇಕು ಅನ್ನಿಸಿದ್ರೆ ಕತ್ತರಿಸ್ಕೋ. ಅವರು ಅಂದ್ರು ಅಂತ ಒಂದು ಕೂದಲು ಮುಟ್ಟಿದ್ಯೋ, ನಾನು ನಿನ್ನ ಮಾತಾಡಿಸಲ್ಲ" ಅಂದಳು.

ಗಾಳಿ ಇನ್ನೂ ಜೋರಾಯಿತು. ಒಂದು ಬೆಳಿಗ್ಗೆ ತೋಪೇಗೌಡರ ದೊಡ್ಡ ಮನೆಯ ಹಗ್ಗವೇ ತುಂಡಾಗಿ, ಮನೆ ಗೂಟ ಬಿಟ್ಟು ಹೊರಟಿತು. ಹನ್ನೆರಡಂಕಣದ ಮನೆ, ಊರಿನಲ್ಲೇ ಭಾರವಾದದ್ದು. ನಾನು ರೊಟ್ಟಿ ತಟ್ಟುತ್ತಿದ್ದೆ. ಬೋರಲಿಂಗ ಓಡಿಬಂದು ನಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತ. ರುಮಾಲನ್ನು ತಲೆಯಿಂದ ತೆಗೆದು ಕೈಯಲ್ಲಿ ಮುದ್ದೆ ಮಾಡಿಕೊಂಡಿದ್ದ.

"ಅಕ್ಕ, ಬಾ. ಇದು ನನ್ನ ಕೈಲಿ ಆಗಲ್ಲ. ಗಿರಣಿ ಹೋದಾಗಿನಿಂದ ಕೂಗು ಹಾಕೋಕೆ ಬಾಯಿ ತೆಗೆದ್ರೆ ನಡುಕ ಬರುತ್ತೆ. ಇದನ್ನ ನೀನು ಕಟ್ಟಿಕೋ."

"ಮುಡಿ ತುಂಬ ಹೂವಿದೆ ಬೋರಲಿಂಗ. ರುಮಾಲಿಗೆ ಜಾಗ ಇಲ್ಲ. ನೀನೇ ಇಟ್ಕೋ, ಬೆವರು ಒರೆಸೋಕೆ ಬೇಕಾಗುತ್ತೆ" ಅಂದೆ. ಹಿಟ್ಟಿನ ಕೈ ತೊಳೆದು, ಬಳೆ ಏರಿಸಿ, ರಾಚಯ್ಯ ಗುಂಡಿ ಹಾಕುತ್ತಿದ್ದಂತೆಯೇ ಓಡಿದೆ.

ಅಲ್ಲಿ ಊರೇ ಸೇರಿತ್ತು. ಮನೆ ಅರ್ಧ ಇಳಿಜಾರು ಇಳಿದು ಒಂದು ಬಂಡೆಗೆ ಆತುಕೊಂಡು ನಿಂತಿತ್ತು. ಹಗ್ಗದವರು ಸುತ್ತ ಹಗ್ಗ ಬಿಗಿದಿದ್ದರು. ದೊಡ್ಡತಾಯಕ್ಕ ಪಕ್ಕದ ಕಟ್ಟೆಯ ಮೇಲೆ ಕೂತಿದ್ದಳು. ತೋಪೇಗೌಡರು ನನ್ನ ಮುಡಿ ನೋಡಿದರು.

"ಈ ವೇಷದಲ್ಲಿ ಮುಂಗೈ ಹಿಡಿಯೋ ಹಾಗಿಲ್ಲ. ನನ್ನ ಮನೆ ಹೋದರೆ ಹೋಗಲಿ, ಪದ್ಧತಿ ಹೋಗಬಾರದು" ಅಂದರು.

ಆಗ ಮನೆಯ ಒಳಗಿನಿಂದ ದನಿ ಬಂತು. "ನಿಮ್ಮ ಪದ್ಧತೀನ ನೀವು ತಬ್ಬಿಕೊಂಡು ಮಲಗಿ. ಮನೆ ನನ್ನದು!" ತೋಪೇಗೌಡರ ಹೆಂಡತಿ ನಿಂಗಾಜಮ್ಮ ಹೊಸ್ತಿಲಿಗೆ ಬಂದು ಕೂತರು, ಮಡಿಲಲ್ಲಿ ಸೊಪ್ಪಿನ ಮೊರ ಇಟ್ಟುಕೊಂಡು. "ಹೊಂಬಾಳಮ್ಮ ಹಗ್ಗ ಹಿಡಿಯೋ ತನಕ ನಾನು ಇಲ್ಲಿಂದ ಏಳಲ್ಲ. ಮನೆ ಕಮರಿಗೆ ಹೋದರೆ ನಾನೂ ಹೋಗ್ತೀನಿ. ಆಮೇಲೆ ಪದ್ಧತಿ ಹತ್ರ ಸಾರು ಮಾಡಿಸ್ಕೊಳ್ಳಿ."

ನಾನು ತೋಪೇಗೌಡರ ಉತ್ತರಕ್ಕೆ ಕಾಯಲಿಲ್ಲ. ಹಗ್ಗದ ಸಾಲಿನ ಮುಂದಕ್ಕೆ ಹೋಗಿ ಹಿಮ್ಮಡಿ ಊರಿದೆ.

ಹಗ್ಗದವರ ಕೂಗಿನಲ್ಲಿ ಮೊದಲಿನಿಂದಲೂ ಮನೆಯನ್ನು ಹೆಣ್ಣು ಮಾಡಿ ಬೈಯುವುದು ರೂಢಿ, ಕೇಳಲಾಗದ ಬೈಗುಳ. ನನ್ನ ಬಾಯಿಗೆ ಅದು ಬರಲಿಲ್ಲ. ಬಂದದ್ದು ಬೇರೆ.

"ಏಳೋ ಅಳಿಯಾ!" ಅಂತ ಕೂಗಿದೆ. ನನ್ನ ಸ್ವಂತ ದನಿಯಲ್ಲಿ, ದಪ್ಪ ಮಾಡದೆ.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಬೋರಲಿಂಗ ಹಿಂದಿನಿಂದ, "ಐಸಾ!" ಅಂದ. ಹಗ್ಗ ಬಿಗಿಯಿತು.

"ಉಂಡಿದ್ದು ಸಾಕೋ!" "ಐಸಾ!" "ಮಾವನ ಮನೇಲಿ!" "ಐಸಾ!" "ಬೇರು ಬಿಟ್ಟೆಯಾ!" "ಐಸಾ!"

ಜನ ನಕ್ಕರು, ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು, ಹೊಸ್ತಿಲ ಮೇಲಿದ್ದ ನಿಂಗಾಜಮ್ಮ ಸೊಪ್ಪು ಬಿಡಿಸುವುದನ್ನು ಬಿಟ್ಟು ತಾವೂ ಐಸಾ ಅಂದರು. ಮನೆ ಬಂಡೆ ಬಿಟ್ಟು ಮೇಲೆ ಬಂತು, ಒಂದು ಗೇಣು, ಇನ್ನೊಂದು ಗೇಣು. ನಡುದಾರಿಯಲ್ಲಿ ತೊಲೆ ಕಿರುಗುಟ್ಟಿತು. ನಾನು ಬಾಯಿ ಮುಚ್ಚಿದೆ. ಎಲ್ಲರೂ ಬಿಗಿಹಿಡಿದರು. ಇಡೀ ಮನೆಯ ಭಾರ ಹಗ್ಗದ ಮೂಲಕ ನನ್ನ ಸೊಂಟಕ್ಕೆ ಇಳಿಯಿತು, ಕಣ್ಣು ಕತ್ತಲೆ ಬಂತು, ಕಾಲ ಕೆಳಗಿನ ಮಣ್ಣು ಜರಿಯಿತು. ಬಿಡಲಿಲ್ಲ. ಜಾರುವುದು ನಿಂತ ಮೇಲೆ ಮತ್ತೆ ಅಳಿಯನನ್ನು ಎಬ್ಬಿಸಿದೆ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಮನೆ ತನ್ನ ಜಾಗಕ್ಕೆ ಬಂದು ಕೂತಿತು.

ಮನೆ ಜಾಗಕ್ಕೆ ಬಂದ ಕೂಡಲೇ, ಹಗ್ಗ ಗೂಟಕ್ಕೆ ಸುತ್ತುವ ಮುಂಚೆ, ಮನೆಯ ಯಜಮಾನ ಮುಂಗೈಯನ್ನು ಹೆಸರು ಹಿಡಿದು ಕೂಗಿ ವೀಳ್ಯ ಕೊಡಬೇಕು. ಕೂಗಿದ ಹೆಸರಿಗೆ ಮುಂಗೈ ಓಗೊಡದೆ ಯಾರೂ ಹಗ್ಗ ಕಟ್ಟುವ ಹಾಗಿಲ್ಲ. ತೋಪೇಗೌಡರು ತಟ್ಟೆ ಹಿಡಿದು ಬಂದರು. ಕಣ್ಣಲ್ಲಿ ನೀರಿತ್ತು.

"ತಗೋ, ಹೊಂಬಾಳಣ್ಣ" ಅಂದರು.

ನಾನು ಕೈ ಚಾಚಲಿಲ್ಲ. ಕೈ ಚಾಚಬೇಕಾದರೆ ಹಗ್ಗ ಬಿಡಬೇಕಲ್ಲ. "ಯಜಮಾನ್ರೆ, ಹಗ್ಗ ಇನ್ನೂ ಗೂಟಕ್ಕೆ ಬಿದ್ದಿಲ್ಲ" ಅಂದೆ.

ಅವರು ಹಗ್ಗ ನೋಡಿದರು. ಹೆಂಡತಿಯನ್ನು ನೋಡಿದರು. ನಿಂಗಾಜಮ್ಮ ಸೊಪ್ಪು ಬಿಡಿಸುತ್ತಿದ್ದರು.

"ಬೇಗ ಹೇಳಿ ಯಜಮಾನ್ರೆ, ತೋಳು ಕಿತ್ತು ಬರ್ತಿದೆ!" ಅಂತ ಬೋರಲಿಂಗ ನರಳಿದ. ಅವನಾಗಲಿ, ಸಾಲಿನಲ್ಲಿದ್ದ ಇನ್ನೊಬ್ಬನಾಗಲಿ, ಗೂಟದ ಕಡೆ ಒಂದು ಹೆಜ್ಜೆ ಇಡಲಿಲ್ಲ.

"ಹೊಂಬಾಳಮ್ಮ" ಅಂದರು ತೋಪೇಗೌಡರು. ಮೆಲ್ಲಗೆ ಅಂದರು, ಆದರೆ ಅಂದರು.

"ನಾನು ಆಮೇಲೆ ತಗೋತೀನಿ" ಅಂದೆ. "ಇಷ್ಟು ವರ್ಷ ಊರನ್ನ ಹಿಡಿದವಳು ಅಲ್ಲಿ ಕೂತಿದಾಳೆ. ಮೊದಲು ಅವಳಿಗೆ."

ತೋಪೇಗೌಡರು ತಟ್ಟೆ ಹಿಡಿದು ಕಟ್ಟೆಯ ಹತ್ತಿರ ಹೋದರು. ದೊಡ್ಡತಾಯಕ್ಕ ಎಡಗೈಯಲ್ಲಿ ಬೀಡಿ ಹಿಡಿದು ಎಲ್ಲೋ ನೋಡುತ್ತಿದ್ದಳು. ಅವರು ತಾಯಣ್ಣ ಅನ್ನಲು ಬಾಯಿ ತೆರೆದವರು ನುಂಗಿಕೊಂಡರು. ಬೆವರು ಒರೆಸಿಕೊಂಡರು.

"ದೊಡ್ಡತಾಯಮ್ಮ" ಅಂದರು.

ಹಗ್ಗ ಇನ್ನೂ ನಮ್ಮ ಕೈಯಲ್ಲೇ ಇತ್ತು. ನಮ್ಮ ತೋಳುಗಳು ನಡುಗುತ್ತಿದ್ದವು. ದೊಡ್ಡತಾಯಕ್ಕ ಒಂದು ದಮ್ಮು ಎಳೆದು, ಹೊಗೆ ಬಿಟ್ಟು, ಅವರ ಕಡೆ ತಿರುಗಿದಳು.

"ಗಾಳಿ ಜೋರಿದೆ" ಅಂದಳು. "ಏನೂ ಕೇಳಿಸ್ಲಿಲ್ಲ. ಇನ್ನೊಂದ್ಸಲ ಕೂಗಿ ಹೇಳು."